ಮಿಶ್ರ ಪ್ಲಾಸ್ಟಿಕ್ ಗಿಯರ್ ಪೊಟ್ಟಣ: ಪಿನಿಯನ್‌ಗೆ ಸೈ, ಉಳಿದದ್ದಕ್ಕೆ ಅಷ್ಟಕ್ಕಷ್ಟೆ

ಆಟಿಕೆ ಕಾರು, ಸಿ.ಡಿ. ಪ್ಲೇಯರ್‌ನ ಟ್ರೇ, ಪುಟ್ಟ ಮೋಟಾರಿನ ಯಾವುದೇ ಸಾಮಾನಿನ ಗಿಯರ್ ಕೈಕೊಟ್ಟರೆ ಆನ್‌ಲೈನ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಿಶ್ರ ಗಿಯರ್ ಪೊಟ್ಟಣ. ಮೋಟಾರ್ ತುದಿಗೆ ಕೂರುವ ಪುಟ್ಟ ಗಿಯರ್ ಅಂದರೆ ಪಿನಿಯನ್, ಎರಡು ಅಂತಸ್ತಿನ ಗಿಯರ್, ತಿರುಪಿನಂಥ ವರ್ಮ್, ರಾಟೆ ಎಲ್ಲ ಒಂದೇ ಚೀಲದಲ್ಲಿ. ಬೇಕಿರುವುದು ಪಿನಿಯನ್ ಆಗಿದ್ದು, ಅಳತೆ ಹೊಂದಿದರೆ ಧೈರ್ಯವಾಗಿ ಕೊಳ್ಳಬಹುದು. ಮಿಕ್ಕವು ಬಹುಪಾಲು ಡಬ್ಬದಲ್ಲೇ ಉಳಿಯುತ್ತವೆ.

ಕಾರಣ ಅಳತೆ. ಇಂಥ ಪೊಟ್ಟಣಗಳಲ್ಲಿ ಬರುವುದು ಸಾಮಾನ್ಯವಾಗಿ 0.5 ಮಾಡ್ಯೂಲ್‌ನ ಗಿಯರ್‌ಗಳು; ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ. ನಿಮ್ಮದು ಎಷ್ಟು ಎಂದು ತಿಳಿಯಲು ಹೊರ ವ್ಯಾಸವನ್ನು ಮಿ.ಮೀ.ನಲ್ಲಿ ಅಳೆದು, ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಬಂದದ್ದರಿಂದ ಅದನ್ನು ಭಾಗಿಸಿ. 44 ಹಲ್ಲು, 23 ಮಿ.ಮೀ. ಇದ್ದರೆ 23 ಭಾಗಿಸು 46, ಅಂದರೆ 0.5. 0.4 ಅಥವಾ 0.6 ಬಂದರೆ ಪೊಟ್ಟಣದ ಆಸೆ ಬಿಡಿ. ಮೋಸ ಮಾಡುವುದು 0.53: ಅದು ಇಂಚಿನ ಲೆಕ್ಕದ 48 ಪಿಚ್ ಗಿಯರ್. ಕೈಯಲ್ಲಿ ತಿರುಗಿಸಿದರೆ ಕೂತಂತೆಯೇ ಅನ್ನಿಸುತ್ತದೆ, ಭಾರ ಬಿದ್ದಾಗ ಹಲ್ಲು ತಿನ್ನತೊಡಗುತ್ತದೆ. ಅಳೆಯುವಾಗ ಪಿನಿಯನ್ ಬೇಡ, ಅದು ಕಚ್ಚುವ ದೊಡ್ಡ ಗಿಯರನ್ನೇ ಹಿಡಿಯಿರಿ. 8-10 ಹಲ್ಲಿನವುಗಳ ಹಲ್ಲಿನ ಬುಡ ತೆಳುವಾಗದಿರಲೆಂದು ತಯಾರಕರು ವ್ಯಾಸವನ್ನು ಹಲವು ಬಾರಿ ತುಸು ಹಿಗ್ಗಿಸಿರುತ್ತಾರೆ; ಲೆಕ್ಕ ತಪ್ಪುತ್ತದೆ.

ಪಿನಿಯನ್ ಹಾಳಾಗುವ ರೀತಿಯೇ ಬೇರೆ. ಹಲ್ಲು ಮುರಿದಿರುವುದಿಲ್ಲ, ತೂತಿನಿಂದ ಎರಡು ಹಲ್ಲಿನ ನಡುವಿನ ಸಂದಿಗೆ ಕೂದಲೆಳೆಯಂಥ ಸೀಳು ಬಿಟ್ಟಿರುತ್ತದೆ. ಆ ಸಂದು ಅಗಲವಾಗಿ, ಸುತ್ತಿಗೊಮ್ಮೆ ‘ಟಿಕ್’ ಎನ್ನುತ್ತದೆ. ಅಂಟು ಹಾಕಿ ಫಲವಿಲ್ಲ. ತೂತಿನಲ್ಲಿ ಬಿಗಿಯಾಗಿ ಕೂತ ಶಾಫ್ಟ್, ಅಂದರೆ ಮೋಟಾರಿನ ತಿರುಗುವ ಕಡ್ಡಿ, ಒಳಗಿನಿಂದ ಹಿಗ್ಗಿಸುತ್ತಲೇ ಇರುತ್ತದೆ. ಹೊಸದನ್ನು ಕೂರಿಸುವಾಗ 2 ಮಿ.ಮೀ. ಶಾಫ್ಟಿಗೆ 1.95ರ ಆಸುಪಾಸಿನ ತೂತಿನದನ್ನೇ ಆರಿಸಿ. ಅದೇ ಪೊಟ್ಟಣದಲ್ಲಿ ಸಡಿಲ ತೂತಿನವೂ ಬೆರೆತಿರುತ್ತವೆ. ಬಿಸಿ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ, ಒರೆಸಿ, ವೈಸ್‌ನಲ್ಲಿ ನೇರವಾಗಿ ಒತ್ತಿ. ಮೋಟಾರಿನ ಹಿಂಬದಿಯ ಶಾಫ್ಟ್ ತುದಿಗೆ ಆಸರೆ ಇರಲೇಬೇಕು, ಇಲ್ಲದಿದ್ದರೆ ಒತ್ತಡವೆಲ್ಲ ಒಳಗಿನ ಬೇರಿಂಗ್ ಮೇಲೆ. ಸುತ್ತಿಗೆಯನ್ನು ದೂರವಿಡಿ.

ದೊಡ್ಡ ಗಿಯರಿನಲ್ಲಿ ಒಂದೆರಡು ಹಲ್ಲು ಹಾರಿದ್ದರೆ ಪೊಟ್ಟಣ ಕೈಕೊಡುತ್ತದೆ: ಹಲ್ಲು ಹೊಂದಿದರೂ ದಪ್ಪ, ಮಧ್ಯದ ತೂತು, ಎರಡನೇ ಅಂತಸ್ತು ಹೊಂದುವುದು ಅಪರೂಪ. ಅಲ್ಲಿ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟೇ ವಾಸಿ. ಸೂಪರ್ ಗ್ಲೂ ಜೊತೆ ಅಡುಗೆ ಸೋಡಾ ಕ್ಷಣದಲ್ಲಿ ಕಲ್ಲಾಗುತ್ತದೆ ನಿಜ, ಆದರೆ ಪೆಟ್ಟಿಗೆ ಬಿಸ್ಕತ್ತಿನಂತೆ ಒಡೆಯುತ್ತದೆ. ಜೊತೆಗೆ, ಜಾರುವ ಹಾಲುಬಿಳಿ ಅಸಿಟಾಲ್ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸರಿಯಾಗಿ ಹಿಡಿಯದು. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಗ್ರೀಸ್ ತೆಗೆದು, ಮುರಿದ ಹಲ್ಲಿನ ಬುಡದಲ್ಲಿ 0.8 ಮಿ.ಮೀ. ತೂತು ಎರಡು ಕೊರೆದು, ಗುಂಡುಸೂಜಿಯ ತುಂಡು ನೆಟ್ಟು, ಅದರ ಸುತ್ತ ಎಪಾಕ್ಸಿ ಕಟ್ಟಿ. ಅದು ನಿಲ್ಲುವುದು ಅಂಟಿನ ಬಲದಿಂದಲ್ಲ, ಸೂಜಿಯ ಬಲದಿಂದ. ಐದು ನಿಮಿಷದ ಬಗೆಗಿಂತ 24 ಗಂಟೆ ತೆಗೆದುಕೊಳ್ಳುವುದು ಗಟ್ಟಿ. ಒಣಗಿದ ಮೇಲೆ ಪಕ್ಕದ ಹಲ್ಲನ್ನು ನೋಡಿಕೊಂಡು ಸೂಜಿ ಅರದಿಂದ ತಿದ್ದಿ. ನಿಧಾನವಾಗಿ ತಿರುಗುವ ಗಿಯರಿಗೆ ಇದು ಸಾಕು, ವೇಗದ್ದಕ್ಕೆ ಬೇಡ.

ಗಿಯರ್ ಪೂರ್ತಿ ಸುತ್ತದೆ ಅರ್ಧಕ್ಕೇ ಹಿಂದೆ ಮುಂದೆ ಆಡುವುದಾದರೆ ಇದ್ಯಾವುದೂ ಬೇಡ. ಶಾಫ್ಟಿನ ಮೇಲೆ ತಿರುಗಿಸಿ ಕೂರಿಸಲು ಬರುವಂತಿದ್ದರೆ ಸವೆಯದ ಹಲ್ಲುಗಳನ್ನು ಕೆಲಸಕ್ಕೆ ತನ್ನಿ.

ಪೊಟ್ಟಣದ ಬದಲು ಹಿತ್ತಾಳೆ ಪಿನಿಯನ್ ಹಾಕುವವರಿದ್ದಾರೆ. ಆದರೆ ಯಂತ್ರ ಸಿಕ್ಕಿಕೊಂಡಾಗ ಮುರಿಯಲೆಂದೇ ಇದ್ದ ಪ್ಲಾಸ್ಟಿಕ್ ಅಲ್ಲಿ ಇಲ್ಲವಾದರೆ, ಮುಂದಿನ ಪೆಟ್ಟು ಮೋಟಾರಿಗೋ ಎದುರಿನ ಗಿಯರಿಗೋ ಬೀಳುತ್ತದೆ. ಮುಚ್ಚುವ ಮುನ್ನ ಅಂಟಂಟಾದ ಹಳೆಯ ಗ್ರೀಸ್ ಕೆರೆದು ತೆಗೆದು, ಹಲ್ಲುಗಳಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ.