ಎಸ್‌ಡಿಎಫ್ ಶೆಲ್ ಖಾತೆ: ಹಲವು ವರ್ಷ ಬಳಸಿದ ಮೇಲೆ

ಕಮಾಂಡ್ ಲೈನ್ (ಮೌಸ್ ಬಿಟ್ಟು ಆದೇಶ ಟೈಪ್ ಮಾಡಿ ಕಂಪ್ಯೂಟರ್ ನಡೆಸುವುದು) ಕಲಿಯಲು ಎಲ್ಲಿ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಎಸ್‌ಡಿಎಫ್ ಹೆಸರು. 1987ರಲ್ಲಿ ಅಮೆರಿಕದಲ್ಲಿ ಒಂದು ಆಪಲ್ ಕಂಪ್ಯೂಟರಿನ ಮೇಲೆ ಬುಲೆಟಿನ್ ಬೋರ್ಡ್ (ಫೋನ್ ಲೈನಿನಲ್ಲಿ ಸಂದೇಶ ಹಂಚಿಕೊಳ್ಳುವ ತಾಣ) ಆಗಿ ಹುಟ್ಟಿದ್ದು, ಈಗ ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವ, ಹಲವರು ದೂರದಿಂದ ಹಂಚಿಕೊಂಡು ಬಳಸುವ ಸಾರ್ವಜನಿಕ ಯುನಿಕ್ಸ್ ಸರ್ವರ್. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಸುವ ಎಸ್‌ಎಸ್‌ಎಚ್‌ನಲ್ಲಿ ‘ನ್ಯೂ’ (new) ಎಂಬ ಹೆಸರಿನಲ್ಲಿ ಒಳಹೋದರೆ ಶೆಲ್ ಖಾತೆ, ಅಂದರೆ ಅಲ್ಲಿ ಕಮಾಂಡ್ ಟೈಪ್ ಮಾಡಲು ನಿಮ್ಮದೇ ಜಾಗ, ತೆರೆಯಬಹುದು. ಉಚಿತ ಖಾತೆಯಲ್ಲಿ ಸಿಗುವ ಕಮಾಂಡ್‌ಗಳು ಕಡಿಮೆ. ಹೆಚ್ಚು ಬಳಸಬೇಕೆಂದರೆ ‘ಅರ್ಪಾ’ ಎಂಬ ಆಜೀವ ಸದಸ್ಯತ್ವ ಪಡೆಯಬೇಕು. ಅದಕ್ಕೆ ಒಮ್ಮೆ ದುಡ್ಡು ಕಟ್ಟಿದರೆ ಮುಗಿಯಿತು, ವರ್ಷವರ್ಷದ ಕಾಟವಿಲ್ಲ.

ಲ್ಯಾಪ್‌ಟಾಪಿಗೇ ಯುನಿಕ್ಸ್ ಮಾದರಿಯ ಲಿನಕ್ಸ್ ಹಾಕಿಕೊಂಡು ಕಲಿಯಬಹುದಲ್ಲ? ಧಾರಾಳವಾಗಿ. ಪಟ್ಟಿ ತೋರಿಸುವ ಎಲ್‌ಎಸ್ (ls), ಫೋಲ್ಡರ್ ಬದಲಿಸುವ ಸಿಡಿ (cd), ನಕಲು ಮಾಡುವ ಸಿಪಿ (cp), ಜಾಗ ಬದಲಿಸುವ ಎಂವಿ (mv) ಎಲ್ಲ ಕಡೆಯೂ ಅವೇ. ಆದರೆ ಅಲ್ಲಿ ನೀವೊಬ್ಬರೇ, ಇದು ವಠಾರ. ‘ಡಬ್ಲ್ಯು’ (w) ಅಂತ ಒಂದಕ್ಷರ ಒತ್ತಿದರೆ ಈ ಕ್ಷಣ ಒಳಗೆ ಯಾರ್ಯಾರಿದ್ದಾರೆ, ಏನು ಓಡಿಸುತ್ತಿದ್ದಾರೆ ಅಂತ ಪಟ್ಟಿ ಬರುತ್ತದೆ. ನಿಮ್ಮ ಹೆಸರೂ ಅದರಲ್ಲಿರುತ್ತದೆ ಅನ್ನುವುದನ್ನು ಮರೆಯಬೇಡಿ.

ಹಾಗಾಗಿ ಇಲ್ಲಿ ಮೊದಲು ಕಲಿಯಬೇಕಾದ್ದು ‘ಎಲ್‌ಎಸ್ -ಎಲ್’ ತೋರಿಸುವ ಸಾಲಿನ ಎಡತುದಿ. ಮೊದಲ ಅಕ್ಷರ ‘ಡಿ’ ಇದ್ದರೆ ಅದು ಫೋಲ್ಡರ್. ಆಮೇಲಿನ ಒಂಬತ್ತು ಜಾಗ ಮೂರು ಮೂರರ ಗುಂಪು: ಮಾಲೀಕರಿಗೆ, ಗುಂಪಿನವರಿಗೆ, ಮಿಕ್ಕವರಿಗೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ (ಫೋಲ್ಡರ್ ಆದರೆ ಹಾದುಹೋಗುವುದಕ್ಕೆ) 1. ಪ್ರತಿ ಗುಂಪಿನದನ್ನು ಕೂಡಿಸಿ ಬರೆದರೆ ಅದೇ ಅನುಮತಿಯ ಅಂಕಿ. ಫೋಲ್ಡರ್ 755 ಇದ್ದರೆ, ದಾರಿಯಲ್ಲಿ ಬೇರೆ ತಡೆ ಇಲ್ಲದಿದ್ದರೆ, ಯಾರು ಬೇಕಾದರೂ ಒಳಗಿನ ಪಟ್ಟಿ ನೋಡಬಹುದು. ಅನುಮತಿ ಬದಲಿಸುವ ‘ಸಿಎಚ್‌ಮಾಡ್ 700’ (chmod 700) ಕೊಟ್ಟರೆ ಅದು ನಿಮಗೆ ಮಾತ್ರ. 711 ಎಂದರೆ ನಡುವಿನ ದಾರಿ: ಒಳಗಿನ ಫೈಲಿನ ಹೆಸರು ಗೊತ್ತಿದ್ದವರು ಹಾದುಹೋಗಬಹುದು, ಪಟ್ಟಿ ಮಾತ್ರ ಕಾಣದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಈ ಅಂಕಿಗಳು ಬರೀ ಪರೀಕ್ಷೆಯ ಪ್ರಶ್ನೆ; ಇಲ್ಲಿ ದಿನಬಳಕೆ.

ಇನ್ನೊಂದು: ಪಾಸ್‌ವರ್ಡನ್ನು ಕಮಾಂಡಿನ ಸಾಲಿನಲ್ಲೇ ಟೈಪ್ ಮಾಡಬೇಡಿ. ಬಹುಪಾಲು ಯುನಿಕ್ಸ್ ಸರ್ವರ್‌ಗಳಲ್ಲಿ ಓಡುತ್ತಿರುವ ಕೆಲಸಗಳನ್ನು ತೋರಿಸುವ ‘ಪಿಎಸ್’ (ps) ಹಾಕಿದವರಿಗೆ ಆ ಸಾಲು ಪೂರ್ತಿ ಕಾಣಬಹುದು. ಫೈಲ್ ಅಳಿಸುವ ‘ಆರ್‌ಎಂ’ಗೆ (rm) ‘-ಐ’ ಸೇರಿಸಿದರೆ ಅಳಿಸುವ ಮುಂಚೆ ಕೇಳುತ್ತದೆ. ಇಲ್ಲಿ ರೀಸೈಕಲ್ ಬಿನ್ ಇಲ್ಲ. ಜಾಗ ಎಷ್ಟು ತಿಂದಿದ್ದೀರಿ ಅಂತ ‘ಡಿಯು -ಎಸ್‌ಎಚ್’ (du -sh) ಹೇಳುತ್ತದೆ. ಭಾರದ ಕೆಲಸವಿದ್ದರೆ ಕಮಾಂಡಿನ ಆರಂಭದಲ್ಲಿ ‘ನೈಸ್’ (nice) ಸೇರಿಸಿ, ಉಳಿದವರ ಕೆಲಸ ನಿಧಾನವಾಗದಿರಲಿ. ಕರೆಂಟ್ ಹೋಗಿ ವೈಫೈ ಸತ್ತರೂ ಸಂಪರ್ಕ ಕಡಿದರೂ ಕೆಲಸ ಹಿಡಿದಿಡುವ ಟಿಮಕ್ಸ್ (tmux) ಒಳಗೆ ಶುರುವಾದ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ಬಂದು ‘ಟಿಮಕ್ಸ್ ಅಟ್ಯಾಚ್’ ಅಂದರೆ ಬಿಟ್ಟಲ್ಲಿಂದಲೇ.

ಕೊರತೆ ಇಲ್ಲವೇ? ಇವೆ. ಸರ್ವರ್ ದೂರದಲ್ಲಿರುವುದರಿಂದ ಇಲ್ಲಿಂದ ಟೈಪ್ ಮಾಡಿದ ಅಕ್ಷರ ಪರದೆಗೆ ಬರಲು ಕೊಂಚ ತಡ. ಲಿನಕ್ಸ್ ಪಾಠಗಳಲ್ಲಿ ಎರಡು ಹೈಫನ್ ಹಾಕಿ ಬರೆಯುವ ಉದ್ದನೆಯ ಆಯ್ಕೆಗಳು ಇಲ್ಲಿನ ನೆಟ್‌ಬಿಎಸ್‌ಡಿ ಕಮಾಂಡ್‌ಗಳಲ್ಲಿ ಎಷ್ಟೋ ಸಲ ನಡೆಯುವುದಿಲ್ಲ. ಯೂಟ್ಯೂಬ್ ಬಿಟ್ಟು ‘ಮ್ಯಾನ್’ (man) ಪುಟ, ಅಂದರೆ ಸರ್ವರಿನಲ್ಲೇ ಇರುವ ಕಮಾಂಡ್ ಕೈಪಿಡಿ, ಓದುವ ಅಭ್ಯಾಸ ತಾನಾಗಿ ಬರುತ್ತದೆ. ನಮಗಿರುವ ಇನ್ನೊಂದು ತೊಂದರೆ ಕನ್ನಡದ್ದು. ಲೊಕೇಲ್ (ಭಾಷೆಯ ಸೆಟ್ಟಿಂಗ್) ಯುಟಿಎಫ್-8 ಎಂಬ ಎಲ್ಲ ಲಿಪಿಗಳ ಸಂಕೇತ ಪದ್ಧತಿಗೆ ಇಲ್ಲದಿದ್ದರೆ ಕನ್ನಡ ಹೆಸರಿನ ಫೈಲ್ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು. ಸರಿಪಡಿಸಿದರೂ ಎಷ್ಟೋ ಟರ್ಮಿನಲ್‌ಗಳಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಅದು ಸರ್ವರಿನ ತಪ್ಪಲ್ಲ, ನಿಮ್ಮ ಕಡೆಯ ಟರ್ಮಿನಲ್‌ದು. ಫೈಲಿನ ಹೆಸರು ಇಂಗ್ಲಿಷಿನಲ್ಲಿ, ಒಳಗೆ ಕನ್ನಡ, ಹೀಗೆ ಇಟ್ಟುಕೊಂಡಿದ್ದೇನೆ.