ಸಾಗರದ ಮಳೆಯಲ್ಲಿ ಒಂದಿಂಚಿನ ಗೊಂಬೆಗೆ ಬಣ್ಣ: ನನ್ನ ಮೇಜಿನ ಸಾಮಾನು ಹೇಗಿವೆ?

ನಾನು ಬಣ್ಣ ಹಚ್ಚುವ ಗೊಂಬೆಗಳು 28 ಮಿಲಿಮೀಟರ್ ಎತ್ತರದವು. ಪಾದದಿಂದ ಕಣ್ಣಿನ ತನಕ ಅಷ್ಟೇ, ಒಂದಿಂಚಿಗಿಂತ ಸ್ವಲ್ಪ ಜಾಸ್ತಿ. ಮೇಜಿನ ಮೇಲೆ ಆಡುವ ಯುದ್ಧದ ಆಟಗಳಿಗೆ ಅಂತ ಮಾಡಿದ ಪ್ಲಾಸ್ಟಿಕ್ ಸೈನಿಕರು, ಮಾಂತ್ರಿಕರು, ಕುದುರೆ ಸವಾರರು. ನಾನು ಆಟ ಆಡುವುದು ಕಡಿಮೆ. ಬಣ್ಣ ಹಚ್ಚುವುದೇ ನನಗಿಷ್ಟ.

ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಈ ಹವ್ಯಾಸದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಊರಿನವರದ್ದು. ನಮ್ಮ ಕಡೆ ಯಾವ ಸಾಮಾನು ಬಾಳುತ್ತದೆ, ಯಾವುದು ಬಾಳುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಎರಡು ಮಳೆಗಾಲ ಕಳೆದ ಮೇಲೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಕೂತು ಈ ಕೆಲಸ ಶುರು ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಮೇಜು. ಅದು ಅಜ್ಜ ಲೆಕ್ಕ ಬರೆಯುತ್ತಿದ್ದ ಸಾಗುವಾನಿ ಮೇಜು, ಹಾಗಾಗಿ ಖರ್ಚಿಲ್ಲ. ಆದರೆ ತಗ್ಗು. ಒಂದು ತಿಂಗಳು ಬಗ್ಗಿ ಕೂತು ಕುತ್ತಿಗೆ ಹಿಡಿದುಕೊಂಡಿತು. ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರಿದ್ದಾರೆ, ಗೊತ್ತಲ್ವಾ? ಚಿಕ್ಕವನಿದ್ದಾಗ ಅವರ ಕೆಲಸ ನೋಡುತ್ತಾ ನಿಂತುಬಿಡುತ್ತಿದ್ದೆ. ಕೆತ್ತುವವರ ಮೊಣಕೈ ಯಾವತ್ತೂ ಗಾಳಿಯಲ್ಲಿ ಇರುತ್ತಿರಲಿಲ್ಲ. ತೊಡೆಗೋ ಹಲಗೆಗೋ ಊರಿಕೊಂಡೇ ಇರುತ್ತಿತ್ತು. ಅದು ನೆನಪಾಗಿ ಮೇಜಿನ ನಾಲ್ಕೂ ಕಾಲಿಗೆ ಮೂರು ಇಂಚಿನ ಮರದ ತುಂಡು ಕೊಟ್ಟೆ. ಈಗ ಎರಡೂ ಮೊಣಕೈ ಮೇಜಿನ ಮೇಲೆ ಊರುತ್ತವೆ, ಎರಡು ಮಣಿಕಟ್ಟು ಒಂದಕ್ಕೊಂದು ತಾಗುತ್ತವೆ, ಗೊಂಬೆ ಎದೆಯ ಮಟ್ಟಕ್ಕೆ ಬರುತ್ತದೆ. ಕೈ ನಡುಕ ಅರ್ಧ ಕಡಿಮೆಯಾಗಿದ್ದು ಇಷ್ಟರಿಂದಲೇ. ಗೊಂಬೆ ಹಿಡಿಯಲು ಸಿಗುವ ಹಿಡಿಕೆಗಳನ್ನು ಕೊಳ್ಳಬೇಕಾಗಿಲ್ಲ. ಅಮೃತಾಂಜನದ ಖಾಲಿ ಗಾಜಿನ ಬಾಟಲಿಯ ಮುಚ್ಚಳದ ಮೇಲೆ ಸ್ವಲ್ಪ ಬ್ಲೂ ಟ್ಯಾಕ್, ಅಂದರೆ ಅಂಟಿಸಿ ಮತ್ತೆ ಕೀಳಬಹುದಾದ ಮೆತ್ತನೆ ಅಂಟು, ಹಚ್ಚಿ ಗೊಂಬೆ ಕೂರಿಸಿ. ಕೈಯಲ್ಲಿ ಭಾರವಾಗಿ, ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ದೀಪ. ಹಣ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ನನ್ನ ಮೊದಲ ದೀಪ 650 ರೂಪಾಯಿಯದು. ಬೆಳಕೇನೋ ಜೋರಾಗಿಯೇ ಇತ್ತು. ಒಂದು ರಾತ್ರಿ ಕೂತು ಒಬ್ಬ ಸೇನಾಪತಿಯ ಮೇಲಂಗಿಗೆ ಕೆಂಪು ಬಳಿದೆ. ನೆರಳು ಕೊಟ್ಟೆ, ಅಂಚಿಗೆ ತಿಳಿ ಕೆಂಪಿನ ಗೆರೆ ಎಳೆದೆ. ಬೆಳಿಗ್ಗೆ ಜಗಲಿಗೆ ತಂದು ನೋಡಿದರೆ ನೆರಳೂ ಗೆರೆಯೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುತ್ತಿದ್ದವು. ಅಮ್ಮ ಪಕ್ಕದಲ್ಲಿ ಹೂ ಕೊಯ್ದುಕೊಂಡು ನಿಂತಿದ್ದರು. “ಇದು ಕುಂಕುಮದ ಕೆಂಪೋ, ದಾಸವಾಳದ ಕೆಂಪೋ?” ಅಂತ ಕೇಳಿದರು. ಸರಿಯಾದ ಪ್ರಶ್ನೆ. ಆ ದೀಪದ ಕೆಳಗೆ ಎರಡೂ ಒಂದೇ ಥರ ಕಾಣುತ್ತಿದ್ದವು.

ಆಮೇಲೆ ಓದಿ ತಿಳಿದುಕೊಂಡೆ. ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ದೀಪಗಳಿಗೆ ಸಿಆರ್‌ಐ ಅಂತ ಒಂದು ಅಂಕ ಇದೆ. 100 ಅಂದರೆ ಪೂರ್ತಿ. ನಮ್ಮ ಕೆಲಸಕ್ಕೆ 90ಕ್ಕಿಂತ ಮೇಲೆ ಬೇಕು. ಆದರೆ ಆ ಅಂಕ ತೆಗೆಯುವುದು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ. ಗಾಢ ಕೆಂಪು ಅದರಲ್ಲಿ ಸೇರುವುದೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕ. ಅಗ್ಗದ ಎಲ್‌ಇಡಿಗಳು ಸೋಲುವುದು ಅಲ್ಲೇ. ಡಬ್ಬದ ಮೇಲೆ ಆರ್9 ಬರೆದಿಲ್ಲದಿದ್ದರೆ ಅಂಗಡಿಯಲ್ಲಿ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಅಮ್ಮನ ಪರೀಕ್ಷೆ ಮಾಡಿ: ಸ್ವಲ್ಪ ಕುಂಕುಮ, ಒಂದು ಕೆಂಪು ದಾಸವಾಳ, ಎರಡನ್ನೂ ದೀಪದ ಕೆಳಗಿಟ್ಟು ನೋಡಿ, ಆಮೇಲೆ ಬಿಸಿಲಿನಲ್ಲಿ ನೋಡಿ.

ಈಗಿರುವ ದೀಪ 4,200 ರೂಪಾಯಿಯದು. ಮೇಜಿನ ಅಂಚಿಗೆ ಕಚ್ಚಿಸುವಂಥದು, ಮಡಚುವ ಉದ್ದ ತೋಳಿದೆ. ಸಿಆರ್‌ಐ 95, ಬೆಳಕು 5000 ಕೆಲ್ವಿನ್, ಅಂದರೆ ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಹಗಲಿನ ಬಿಳುಪು. ಎಡಗಡೆ ಮೇಲಿನಿಂದ ಇದು, ಬಲಗಡೆಯಿಂದ ಒಂದು ಸಣ್ಣ ದೀಪ. ಹಾಗಾಗಿ ನನ್ನ ಕೈಯ ನೆರಳು ಗೊಂಬೆಯ ಮೇಲೆ ಬೀಳುವುದಿಲ್ಲ. 12 ವ್ಯಾಟ್ ಅಷ್ಟೇ ಎಳೆಯುವುದರಿಂದ ಕರೆಂಟ್ ಹೋದರೂ ಇನ್ವರ್ಟರ್ ಮೇಲೆ ಗಂಟೆಗಟ್ಟಲೆ ಉರಿಯುತ್ತದೆ. ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ. ತೋಳಿನ ಕೀಲು ಮಾತ್ರ ಆರು ತಿಂಗಳಿಗೆ ಸಡಿಲವಾಯಿತು, ಸ್ಕ್ರೂ ಬಿಗಿ ಮಾಡಿದ ಮೇಲೆ ಸರಿಹೋಯಿತು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಒಂದು ಎಚ್ಚರಿಕೆ. ಮೊದಲ ಮಳೆ ಬಿದ್ದ ಸಂಜೆ ಕಿಟಕಿ ತೆಗೆದು ದೀಪ ಹಚ್ಚಬೇಡಿ. ರೆಕ್ಕೆ ಬಂದ ಗೆದ್ದಲು ಹುಳ ಮುತ್ತಿಕೊಳ್ಳುತ್ತವೆ. ನನ್ನ ಒಂದು ಕುದುರೆಯ ಬೆನ್ನಿನ ಹಸಿ ವಾರ್ನಿಷ್‌ಗೆ ರೆಕ್ಕೆಯೊಂದು ಅಂಟಿಕೊಂಡಿತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಒಳಗಿನ ನರಗಳೆಲ್ಲ ಕಾಣುವಷ್ಟು ತೆಳು. ಕೀಳಲು ಹೋದರೆ ಬಣ್ಣವೇ ಕಿತ್ತು ಬಂತು.

ದೀಪ ಬಿಟ್ಟರೆ ಹೆಚ್ಚು ಹೊತ್ತು ಕೈಯಾಡುವುದು ವೆಟ್ ಪ್ಯಾಲೆಟ್, ಅಂದರೆ ಬಣ್ಣ ಕಲಸುವ ಒದ್ದೆ ತಟ್ಟೆಯ ಮೇಲೆ. ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ. ನೀರು ಕುಡಿದ ಸ್ಪಂಜಿನ ಮೇಲೆ ಒಂದು ಕಾಗದ ಹಾಸಿ ಅದರ ಮೇಲೆ ಬಣ್ಣ ಕಲಸಿದರೆ, ಕೆಳಗಿನಿಂದ ತೇವ ಏರುತ್ತಾ ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮುಚ್ಚಳ ಹಾಕಿಟ್ಟರೆ ಮಾರನೆ ದಿನಕ್ಕೂ ಆಗುತ್ತದೆ. ನಾನು ಹಣ ಕೊಟ್ಟು ಹೊರದೇಶದ್ದೊಂದನ್ನು ತರಿಸಿದೆ. ಚೆನ್ನಾಗಿದೆ, ಮುಚ್ಚಳ ಬಿಗಿ. ಆದರೆ ಅದರ ಜೊತೆ ಬಂದ ಕಾಗದ ನಾಲ್ಕು ತಿಂಗಳಲ್ಲಿ ಮುಗಿಯಿತು, ಮತ್ತೆ ತರಿಸುವುದು ದುಬಾರಿ. ಅತ್ತಿಗೆ ಕೇಕಿಗೆ ಅಂತ ತಂದಿಟ್ಟಿದ್ದ ಬೇಕಿಂಗ್ ಪೇಪರ್ ಹಾಕಿ ನೋಡಿದೆ. ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮೇಣ ಹಚ್ಚಿದ ಕಾಗದ ಆಗುವುದಿಲ್ಲ, ಅದರಲ್ಲಿ ನೀರು ಇಳಿಯುವುದಿಲ್ಲ. ಈಗ ಎರಡನೇ ಪ್ಯಾಲೆಟ್ ಅಂತ ಅಡುಗೆ ಮನೆಯ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಂದು ಮಾಡಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಕೊಂಡದ್ದಕ್ಕೂ ಇದಕ್ಕೂ ಕೆಲಸದಲ್ಲಿ ವ್ಯತ್ಯಾಸ ಇಲ್ಲ. ಕೊಳ್ಳುವ ಅಗತ್ಯವಿಲ್ಲ ಅಂತಲೇ ನನ್ನ ಅಭಿಪ್ರಾಯ.

ಜುಲೈನಲ್ಲಿ ಮಾತ್ರ ಎರಡಕ್ಕೂ ಒಂದೇ ಕಾಯಿಲೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಕೊಳೆತ ಸೊಪ್ಪಿನ ವಾಸನೆ, ಸ್ಪಂಜಿನ ಅಂಚಿನಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆ. ಈಗ ಕುದಿಸಿ ಆರಿಸಿದ ನೀರನ್ನೇ ಹಾಕುತ್ತೇನೆ. ಸ್ಪಂಜಿನ ಕೆಳಗೆ ಒಂದು ಗೇಣು ತಾಮ್ರದ ತಂತಿ ಸುತ್ತಿ ಇಟ್ಟಿದ್ದೇನೆ, ವೈರಿಂಗ್ ಮಾಡಿ ಉಳಿದದ್ದು. ಮೂರು ದಿನಕ್ಕೊಮ್ಮೆ ಸ್ಪಂಜನ್ನು ಬಿಸಿನೀರಿನಲ್ಲಿ ಹಿಂಡುತ್ತೇನೆ. ಆಮೇಲೆ ಚುಕ್ಕೆ ಬಂದಿಲ್ಲ. ಚಿನ್ನ, ಬೆಳ್ಳಿಯ ಬಣ್ಣಗಳನ್ನು ಇದರ ಮೇಲೆ ಹಾಕಲೇಬೇಡಿ. ಮಿನುಗುವ ಪುಡಿ ನೀರಿನ ಜೊತೆ ಹರಿದು ಪಕ್ಕದ ಬಣ್ಣಕ್ಕೆಲ್ಲ ಸೇರುತ್ತದೆ. ಅವಕ್ಕೆ ನಾನು ಪಿಂಗಾಣಿ ತಟ್ಟೆ ಇಟ್ಟುಕೊಂಡಿದ್ದೇನೆ, ತೊಳೆಯುವ ನೀರೂ ಬೇರೆ ಲೋಟದಲ್ಲಿ.

ಕುಂಚದಲ್ಲಿ ನನಗೆ ಒಂದೇ ಒಂದು ದುಬಾರಿ ಇದೆ. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಸೀರೀಸ್ 7, ಸೈಜ್ 1. ವಿಕ್ಟೋರಿಯಾ ರಾಣಿಗೆ ಅಂತ 1866ರಲ್ಲಿ ಮಾಡಿದ ಕುಂಚ ಇದರ ಮೂಲ. ಏಳನೇ ಸೈಜು ಆಕೆಗೆ ಇಷ್ಟವಾಗಿತ್ತಂತೆ, ಹೆಸರು ಅದರಿಂದಲೇ. ಕೊಲಿನ್ಸ್ಕಿ ಅನ್ನುವ ಪ್ರಾಣಿಯ ಬಾಲದ ಕೂದಲು. ಕೊಡುವ ದುಡ್ಡಿಗೆ ತಕ್ಕ ಕುಂಚ. ಕಣ್ಣು ಬರೆಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಹೊಸಬರು ಕಣ್ಣಿಗೆ ಅಂತ ತೀರಾ ಸಣ್ಣ ಕುಂಚ ತರುತ್ತಾರೆ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆ ಮುಟ್ಟುವ ಮೊದಲೇ ತುದಿ ಒಣಗಿರುತ್ತದೆ. ಇದರ ಹೊಟ್ಟೆ ದಪ್ಪ, ತುದಿ ಸೂಜಿ. ಉಸಿರು ಬಿಟ್ಟು, ತಡೆದು, ತುದಿ ಸುಮ್ನೆ ತಾಗಿಸಿದರೆ ಸಾಕು. ಒಂದು ಕಪ್ಪು ಚುಕ್ಕೆ ಕೂರುತ್ತದೆ. ಅಲ್ಲಿಯವರೆಗೆ ಪ್ಲಾಸ್ಟಿಕ್ ಆಗಿದ್ದದ್ದು ನಮ್ಮನ್ನು ನೋಡತೊಡಗುತ್ತದೆ.

ಇದನ್ನು ಕಾಪಾಡುವುದೂ ಒಂದು ಕೆಲಸ. ಬಣ್ಣ ಕೂದಲಿನ ಅರ್ಧದಿಂದ ಮೇಲೆ ಹೋಗಬಾರದು. ಲೋಹದ ಕೊಳವೆಯೊಳಗೆ ಬಣ್ಣ ಒಣಗಿತೆಂದರೆ ತುದಿ ಎರಡಾಗಿ ಸೀಳುತ್ತದೆ. ದಿನದ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ, ತೊಳೆದು, ಬೆರಳಲ್ಲಿ ತುದಿ ಮಾಡಿ, ಮಲಗಿಸಿ ಒಣಗಿಸುತ್ತೇನೆ. ಪ್ರಾಣಿಯ ಕೂದಲಾದ್ದರಿಂದ ನುಸಿ ತಿನ್ನುತ್ತದೆ ಅಂತ ಹೋದ ವರ್ಷ ಅದೇ ಡ್ರಾಯರಿಗೆ ನುಸಿಗುಳಿಗೆ ಹಾಕಿದ್ದೆ. ಅದು ನನ್ನ ದೊಡ್ಡ ತಪ್ಪು. ಅಲ್ಲೇ ಇದ್ದ ಎರಡು ಗೊಂಬೆಗಳ ಪ್ಲಾಸ್ಟಿಕ್ ಗುಳಿಗೆ ತಾಗಿದಲ್ಲಿ ಮೆತ್ತಗಾಗಿ ಅಂಟಿಕೊಂಡಿತ್ತು. ಗೊಂಬೆಗಳ ಹತ್ತಿರ ನುಸಿಗುಳಿಗೆ ಇಡಲೇಬೇಡಿ. ಈಗ ಅಮ್ಮ ಕೊಟ್ಟ ಬಜೆ ಬೇರಿನ ತುಂಡು ಹಾಕಿದ್ದೇನೆ.

ಪ್ರೈಮರ್ ಬಗ್ಗೆ ಸ್ವಲ್ಪ. ಬಣ್ಣ ಹಿಡಿಯಲು ಮೊದಲು ಬಳಿಯುವ ಪದರ ಅದು. ಸ್ಪ್ರೇ ಡಬ್ಬಿ ಸುಲಭ, ಆದರೆ ತೇವದ ಗಾಳಿಯಲ್ಲಿ ಗೊಂಬೆಯ ಮೇಲೆ ರವೆ ಚೆಲ್ಲಿದ ಹಾಗೆ ತರಿತರಿಯಾಗುತ್ತದೆ. ಜೂನ್‌ನಲ್ಲಿ ಹೀಗೆ ಹನ್ನೊಂದು ಗೊಂಬೆ ಹಾಳು ಮಾಡಿದೆ. ಈಗ ಅಡಿಕೆ ಸುಗ್ಗಿಯ ಹೊತ್ತಿಗೆ, ಡಿಸೆಂಬರ್-ಜನವರಿಯಲ್ಲಿ, ಅಂಗಳದ ಒಂದು ಮೂಲೆಯಲ್ಲಿ ಮಾಸ್ಕ್ ಹಾಕಿಕೊಂಡು ವರ್ಷಕ್ಕೆ ಬೇಕಾದಷ್ಟಕ್ಕೂ ಸ್ಪ್ರೇ ಹೊಡೆದಿಡುತ್ತೇನೆ. ಮಳೆಗಾಲದಲ್ಲಿ ಅಕಸ್ಮಾತ್ ಬೇಕಾದರೆ ಸ್ಪೇನಿನ ವಲೆಹೊ ಕಂಪನಿಯ ಬಾಟಲಿ ಪ್ರೈಮರನ್ನು ಕುಂಚದಲ್ಲೇ ತೆಳುವಾಗಿ ಹಚ್ಚಿ ಪೂರ್ತಿ ಎರಡು ದಿನ ಬಿಡುತ್ತೇನೆ.

ಬಣ್ಣಗಳೂ ಹೆಚ್ಚಾಗಿ ವಲೆಹೊ. ತೊಟ್ಟು ತೊಟ್ಟಾಗಿ ಬೀಳುವ ಬಾಟಲಿ, ಬೇಕಾದಷ್ಟೇ ಬರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಮೂತಿ ಕಟ್ಟಿಕೊಂಡರೆ ಗುಂಡುಪಿನ್ನು ಸಾಕು. ಗೊಂಬೆ ನಿಲ್ಲುವ ನೆಲಕ್ಕೆ ನಮ್ಮ ಕ್ಯಾಮ್ಲಿನ್ ಅಕ್ರಿಲಿಕ್ ಬೇಕಾದಷ್ಟಾಯಿತು. ಹೊಳೆ ಮರಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಆರಿಸಿ, ಫೆವಿಕಾಲ್ ಮೇಲೆ ಉದುರಿಸಿ, ಅದಕ್ಕೆ ಕ್ಯಾಮ್ಲಿನ್‌ನ ಬರ್ಂಟ್ ಸಿಯೆನ್ನಾ ಹಚ್ಚಿದರೆ ಥೇಟ್ ನಮ್ಮ ಜಂಬಿಟ್ಟಿಗೆ ಮಣ್ಣು. ನನ್ನ ಸೈನಿಕರೆಲ್ಲ ಮಲೆನಾಡಿನ ನೆಲದ ಮೇಲೇ ನಿಂತಿದ್ದಾರೆ. ಇದು ನನಗೆ ತುಂಬಾ ಇಷ್ಟ.

ತಲೆಗೆ ಕಟ್ಟುವ ಭೂತಗನ್ನಡಿಯನ್ನೂ ಕೊಂಡಿದ್ದೆ. ಒಳ್ಳೆಯ ದೀಪ ಬಂದ ಮೇಲೆ ಅದನ್ನು ಮುಟ್ಟಿದ್ದು ಕಣ್ಣು ಬರೆಯುವಾಗ ಮಾತ್ರ. ಮೊದಲೇ ಕೊಳ್ಳಬೇಡಿ.

ಮುಗಿದ ಗೊಂಬೆಗಳು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿವೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಹರಳಿನದ್ದೇ ತನ್ನಿ. ತೇವ ಕುಡಿದಾಗ ಕಿತ್ತಳೆ ಬಣ್ಣ ಹೋಗಿ ಹಸಿರಾಗುತ್ತದೆ, ಸಣ್ಣ ಉರಿಯ ಓವನ್‌ನಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಆಗಸ್ಟ್‌ನಲ್ಲಿ ನಾನು ಹತ್ತು ದಿನಕ್ಕೊಮ್ಮೆ ಬಿಸಿ ಮಾಡಬೇಕಾಯಿತು. ನವರಾತ್ರಿಗೆ ಡಬ್ಬ ತೆಗೆದಾಗ ಒಂದು ಗೊಂಬೆಗೂ ಬೂಸ್ಟು ಹಿಡಿದಿರಲಿಲ್ಲ. ಅಮ್ಮ ಅದರಲ್ಲಿ ಆರು ಸೈನಿಕರನ್ನು ಆರಿಸಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಕೆಂಪು ಮೇಲಂಗಿಯ ಸೇನಾಪತಿ ಮುಂದೆ. ಹೊಸ ದೀಪದ ಕೆಳಗೆ ಅವನಿಗೆ ಎರಡನೇ ಸಲ ಬಣ್ಣ ಹಚ್ಚಿದ್ದೆ.