ಬೆಳ್ತಂಗಡಿ ಹತ್ರ ಭಾನುವಾರದ ಬಂಡೆ ಹತ್ತುವ ಕ್ಲೈಂಬಿಂಗ್ ಸೆಷನ್: ಹೆಂಗಸ್ರು, ಟ್ರಾನ್ಸ್‌ನವರು ಧೈರ್ಯದಲ್ಲಿ ಹೋಗ್ಬಹುದಾ? ನಾನು ಹೋಗಿ ಬಂದದ್ದು

ಮೊದಲೇ ಒಂದು ಮಾತು, ಇದನ್ನು ನಡೆಸುವ ಗುಂಪಿನ ಹೆಸರು, ಬಂಡೆ ಇರುವ ಜಾಗ ಎರಡನ್ನೂ ನಾನಿಲ್ಲಿ ಹಾಕುದಿಲ್ಲ. ಅದು ಬಂಟ್ವಾಳ-ಬೆಳ್ತಂಗಡಿ ಮಧ್ಯೆ ಒಬ್ರ ಪಟ್ಟಾ ಜಾಗದಲ್ಲಿರುವ ಪಾದೆ, ಹೆಸರು ಕೊಟ್ಟವರಿಗೆ ಮಾತ್ರ ಹಿಂದಿನ ದಿನ ರಾತ್ರಿ ಲೊಕೇಶನ್ ಕಳಿಸ್ತಾರೆ. ಸುಮ್ಮನೆ ನಿಂತು ನೋಡ್ಲಿಕ್ಕೆ, ವಿಡಿಯೋ ಮಾಡ್ಲಿಕ್ಕೆ ಅಂತ ಬರುವವರು ಬೇಡ ಅಂತ ಹಾಗೆ ಮಾಡಿದ್ದು. ಅವರು ಕೇಳಿಕೊಂಡಿದ್ದಾರೆ, ನಾನೂ ಒಪ್ಪಿದ್ದೇನೆ. ಹೋಗ್ಬೇಕು ಅಂತ ಇರುವವರು ನಂಗೆ ಮೆಸೇಜ್ ಹಾಕಿ, ಅವರನ್ನು ಕೇಳಿ ನಂಬರ್ ಕೊಡ್ತೇನೆ.

ಇಷ್ಟು ಉದ್ದ ಯಾಕೆ ಬರೀತಿದ್ದೇನೆ ಅಂದ್ರೆ, ಎರಡು ವರ್ಷದ ಹಿಂದೆ ಬೇರೆ ಒಂದು ಕಡೆ ಕ್ಲೈಂಬಿಂಗಿಗೆ ಹೋಗಿ, ಇನ್ನು ಆ ಕಡೆ ತಲೆ ಹಾಕಿಯೂ ಮಲಗುದಿಲ್ಲ ಅಂತ ವಾಪಸ್ ಬಂದವಳು ನಾನು. ಹೆಂಗಸ್ರಿಗೆ ಅರ್ಧ ಫೀಸು ಅಂತ ಪೋಸ್ಟರ್ ಇತ್ತು, ಹೋಗಿ ನೋಡಿದ್ರೆ ಇಪ್ಪತ್ತು ಜನ ಹುಡುಗ್ರು, ನಾವು ಇಬ್ರು. ಹಾರ್ನೆಸ್ (ಹಗ್ಗ ಕಟ್ಲಿಕ್ಕೆ ಸೊಂಟಕ್ಕೆ, ತೊಡೆಗೆ ಹಾಕುವ ಪಟ್ಟಿ) ಹಾಕುವಾಗ ಅಲ್ಲಿದ್ದ ಇನ್‌ಸ್ಟ್ರಕ್ಟರ್ ಒಂದು ಮಾತು ಕೇಳದೆ ತೊಡೆಯ ಪಟ್ಟಿಯನ್ನು ತಾನೇ ಎಳೆದು ಬಿಗಿ ಮಾಡಿದ, ನಾನು ಹಿಂದೆ ಸರಿದದ್ದಕ್ಕೆ "ಸೇಫ್ಟಿಗೆ ಮೇಡಂ" ಅಂದ. ಎಲ್ಲರೆದುರು ಗಟ್ಟಿಯಾಗಿ ತೂಕ ಎಷ್ಟು ಅಂತ ಕೇಳಿದ್ರು. ಅರ್ಧ ಹತ್ತಿದಾಗ ಕೆಳಗಿಂದ ನಾಲ್ಕು ಜನ ಒಟ್ಟಿಗೆ "ರೈಟ್ ಕಾಲು, ರೈಟ್ ಕಾಲು" ಅಂತ ಬೊಬ್ಬೆ. ಮರುದಿನ ನೋಡಿದ್ರೆ ಕೆಳಗಿಂದ ತೆಗೆದ ನನ್ನ ಫೋಟೋ ಅವರ ಪೇಜಲ್ಲಿ, ಮುಖ ಒಂದು ಬಿಟ್ಟು ಬಾಕಿ ಎಲ್ಲ ಕಾಣ್ತದೆ. ಮೂರು ಸಲ ಹೇಳಿದ ಮೇಲೆ ತೆಗೆದ್ರು. ಒಂದೊಂದಾಗಿ ನೋಡಿದ್ರೆ ಇದೆಲ್ಲ ಸಣ್ಣದು ಅಂತ ಹೇಳುವವರಿದ್ದಾರೆ, ಆದ್ರೆ ಒಂದೇ ದಿನ ಎಲ್ಲ ಅನುಭವಿಸಿದವರು ಮತ್ತೆ ಬರುದಿಲ್ಲ, ಹೆಂಗಸ್ರಿಗೆ ಇದ್ರಲ್ಲಿ ಇಂಟರೆಸ್ಟ್ ಇಲ್ಲ ಅಂತ ಮತ್ತೆ ಅವರೇ ಹೇಳ್ತಾರೆ.

ಈ ಸಲ ಚಿಕ್ಕಮ್ಮನ ಮಗಳು "ಅಕ್ಕಾ ಒಂದ್ಸಲ ಬಾ, ಇವರು ಬೇರೆ ಥರ" ಅಂತ ಒತ್ತಾಯ ಮಾಡಿದ್ದಕ್ಕೆ ಜನವರಿಯಲ್ಲಿ ಹೋದೆ. ಫೀಸು 400, ಹಾರ್ನೆಸ್, ಹೆಲ್ಮೆಟ್, ಶೂ ಎಲ್ಲ ಅದ್ರಲ್ಲೇ. ಕೊಡ್ಲಿಕ್ಕೆ ಆಗದವರು ಮೆಸೇಜಲ್ಲಿ ಹೇಳಿದ್ರೆ ಸಾಕು, ಕಾರಣ ಕೇಳುದಿಲ್ಲ, ಯಾರು ಕೊಟ್ರು ಯಾರು ಕೊಡ್ಲಿಲ್ಲ ಅಂತ ಅಲ್ಲಿ ಬಂದವರಿಗೂ ಗೊತ್ತಾಗುದಿಲ್ಲ.

ಬಸ್ಸಿನ ವಿಷಯ ಹೇಳ್ಲೇಬೇಕು. ನಮ್ಮ ಕಡೆ ಸಿಟಿ ಒಳಗೆ ಜಾಸ್ತಿ ಓಡುದು ಪ್ರೈವೇಟ್ ಬಸ್ಸೇ ಅಲ್ವಾ, 2023ರ ಜೂನಲ್ಲಿ ಶಕ್ತಿ ಯೋಜನೆ ಶುರುವಾದಾಗಲೂ ಮಂಗಳೂರು-ಉಡುಪಿಯ ಎಷ್ಟೋ ಹೆಂಗಸ್ರಿಗೆ ದಿನನಿತ್ಯದ ಓಡಾಟಕ್ಕೆ ಅದ್ರಿಂದ ಅಷ್ಟೇನೂ ಉಪಯೋಗ ಆಗ್ಲಿಲ್ಲ. ಈ ಗುಂಪಿನವರು ಬಿಜೈ ಕೆಎಸ್ಸಾರ್ಟಿಸಿ ಸ್ಟ್ಯಾಂಡಿಂದ ಧರ್ಮಸ್ಥಳ ಬಸ್ ಹತ್ತಿದ್ರೆ ಸೀದಾ ಬಂದು ಇಳಿಯುವ ಹಾಗಿನ ಸ್ಟಾಪನ್ನೇ ಸೇರುವ ಜಾಗ ಅಂತ ಇಟ್ಟಿದ್ದಾರೆ. ಶಕ್ತಿ ಹೆಂಗಸ್ರಿಗೆ ಮಾತ್ರ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಉಂಟು, ಹಾಗಾಗಿ ಬೈಕು ಕಾರು ಇಲ್ಲದವರಿಗೆ ಯಾರದ್ದೋ ಹಿಂದೆ ಕೂತು ಬರುವ ಹಂಗಿಲ್ಲ. ಸ್ಟಾಪಿಂದ ಪಾದೆಗೆ ಹದಿನೈದು ನಿಮಿಷ ತೋಟದ ದಾರಿಯಲ್ಲಿ ನಡೆಯುದು, ಎಲ್ಲರೂ ಒಟ್ಟಿಗೆ. ಸಂಜೆ ನಾಲ್ಕಕ್ಕೆ ಮುಗಿಸಿ ಮತ್ತೆ ಒಟ್ಟಿಗೇ ಬಂದು ಕೊನೆಯವರು ಬಸ್ ಹತ್ತುವವರೆಗೆ ಇಬ್ರು ಅಲ್ಲೇ ನಿಂತಿದ್ರು. ಮನೆಯಲ್ಲಿ ಕತ್ತಲಾಗುವ ಮೊದಲು ಬರ್ಬೇಕು ಅಂತ ಹೇಳಿಸಿಕೊಂಡು ಬರುವ ಹುಡುಗಿಯರಿಗೆ ಈ ನಾಲ್ಕು ಗಂಟೆ ಅನ್ನುದು ಎಷ್ಟು ದೊಡ್ಡ ವಿಷಯ ಅಂತ ನಂಗೆ ಗೊತ್ತು, ನಾನೂ ಅದೇ ಮನೆಯಲ್ಲಿ ಬೆಳೆದವಳು.

ಶುರುವಲ್ಲಿ ಎಲ್ಲರೂ ಸುತ್ತ ನಿಂತು ತಮ್ಮನ್ನು ಎಂತ ಕರೀಬೇಕು ಅಂತ ಹೇಳಿದ್ರು. ಬರೀ ಹೆಸರಲ್ಲ, ಅಕ್ಕ ಅನ್ನುದಾ, ಅಣ್ಣ ಅನ್ನುದಾ, ಎರಡೂ ಬೇಡ ಬರೀ ಹೆಸರು ಸಾಕಾ ಅಂತ. ನಮ್ಮಲ್ಲಿ ಗುರ್ತ ಇಲ್ಲದವರನ್ನೂ ಅಕ್ಕ-ಅಣ್ಣ ಅನ್ನದೆ ಮಾತು ಮುಂದೆ ಹೋಗುದಿಲ್ಲ, ಆ ಒಂದು ಶಬ್ದದಲ್ಲೇ ಎದುರಿದ್ದವರನ್ನು ಅಳೆದು ಆಗಿರ್ತದೆ. ಒಬ್ರು "ನನ್ನನ್ನು ಅಣ್ಣ ಅಂತ ಕರೀರಿ" ಅಂದ್ರು, ಇನ್ನೊಬ್ರು "ಹೆಸರೇ ಸಾಕು, ಬಂದ ಬಂದ್ಲು ಬೇಡ, ಬಂದ್ರು ಅನ್ನಿ" ಅಂದ್ರು. ಅದು ಕೇಳಿ ನಂಗೆ ಅನಿಸಿದ್ದು, ನಮ್ಮ ಕನ್ನಡದಲ್ಲಿ ಇದು ಎಷ್ಟು ಸಲೀಸು ಅಂತ, ಹತ್ತಿದ್ರು ಇಳಿದ್ರು ಅಂದ್ರೆ ಮರ್ಯಾದೆಗೆ ಮರ್ಯಾದೆ, ಯಾರಿಗೂ ನೋವಿಲ್ಲ. ತುಳುವಲ್ಲೂ ಆರ್ ಅಂದ್ರೆ ಆಯ್ತು.

ಹೆಸರಿನ ಈ ವಿಷಯ ಬರೀ ಮರ್ಯಾದೆಗಲ್ಲ ಅಂತ ಗೊತ್ತಾದದ್ದು ಆಮೇಲೆ. ನಾನು ಮೇಲೆ ಇದ್ದೇನೆ, ನಾನು ಜಾರಿದ್ರೆ ತಡೆಯುವ ಹಾಗೆ ಕೆಳಗೆ ಹಗ್ಗ ಹಿಡಿದು ಬಿಲೇ ಮಾಡುವವರು ಒಬ್ರು, ಪಕ್ಕದಲ್ಲಿ ಇನ್ನೂ ಎರಡು ಹಗ್ಗ, ಎಲ್ಲರೂ ಕೂಗ್ತಿರ್ತಾರೆ. ಟೇಕ್ ಅಂದ್ರೆ ಹಗ್ಗ ಎಳೆದು ಹಿಡೀರಿ, ಲೋವರ್ ಅಂದ್ರೆ ಇಳಿಸಿ. ಯಾರಿಗೆ ಹೇಳಿದ್ದು ಅಂತ ತಪ್ಪಬಾರ್ದು, ಅದಕ್ಕೆ ಪ್ರತಿ ಸಲ ಹೆಸರು ಹಿಡಿದೇ ಕೂಗ್ಬೇಕು. ಬಿಡಿ ಅನ್ನುವ ಶಬ್ದ ಅಲ್ಲಿ ಇಲ್ಲವೇ ಇಲ್ಲ, ನಾವು ಮಾತಿಗೊಮ್ಮೆ "ಅದು ಬಿಡಿ" ಅನ್ನುವವರು, ಕೆಳಗಿದ್ದವರು ಹಗ್ಗ ಬಿಟ್ರೆ ಎಂತ ಗತಿ. ಈಗ ಯೋಚನೆ ಮಾಡಿ, ಒಬ್ರು ಬಿಟ್ಟು ಬಂದ ಹಳೇ ಹೆಸರಿಂದ ಅವರನ್ನು ಕೂಗಿದ್ರೆ ತಲೆ ಎತ್ತಿ ನೋಡ್ಲಿಕ್ಕೆ ಅವರಿಗೆ ಒಂದು ಗಳಿಗೆ ತಡ ಆಗ್ತದೆ, ಮನಸ್ಸೂ ಮುದುಡ್ತದೆ. ಹಗ್ಗ ಕೈಯಲ್ಲಿರುವಾಗ ಆ ಒಂದು ಗಳಿಗೆ ಬೇಡ. ಆಧಾರಲ್ಲಿರುವ ಹೆಸರು, ಮನೆಯವರ ನಂಬರ್ ಇದೆಲ್ಲ ಎಮರ್ಜೆನ್ಸಿಗೆ ಅಂತ ಲಕೋಟೆಯಲ್ಲಿ ಒಬ್ರ ಹತ್ರ ಮಾತ್ರ ಇರ್ತದೆ, ಆ ದಿನದ ಲಿಸ್ಟಲ್ಲಿ ಕರೆಯುವ ಹೆಸರು ಮಾತ್ರ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯಲ್ಲಿ ಡಿಸಿ ಆಫೀಸಿಂದ ಗುರುತಿನ ಚೀಟಿ ಮಾಡಿಸ್ಲಿಕ್ಕೆ ಆಗ್ತದೆ, ಆದ್ರೆ ಎಲ್ಲರದ್ದೂ ಆಗಿರುದಿಲ್ಲ, ಒಂದು ಭಾನುವಾರ ಬಂಡೆ ಹತ್ತುವುದಕ್ಕೆ ಅದನ್ನೆಲ್ಲ ಯಾಕೆ ಕೇಳ್ಬೇಕು.

ಹಾರ್ನೆಸ್ ಹಾಕಿಸಿದ ರೀತಿ ನಾನು ಇನ್ನು ಹತ್ತು ಕಡೆ ಹೇಳ್ತೇನೆ. ಕಲಿಸಿದ ಅಕ್ಕ ತಾವು ಒಂದು ಹಾರ್ನೆಸ್ ಹಾಕಿ ತೋರಿಸಿದ್ರು, ನಾವು ನೋಡಿ ನಾವೇ ಹಾಕಿಕೊಂಡೆವು. ಸೊಂಟದ ಪಟ್ಟಿ ಸೊಂಟದ ಎಲುಬಿಗಿಂತ ಮೇಲೆ ಕೂರ್ಬೇಕು, ಎರಡು ಕೈಯಲ್ಲಿ ಹಿಡಿದು ಕೆಳಗೆ ಜಗ್ಗಿದ್ರೂ ಇಳಿಯಬಾರ್ದು. ಆಮೇಲೆ ಎದುರು ಬಂದು ಕೈ ಹಿಂದೆ ಕಟ್ಟಿಕೊಂಡು, "ಬಕಲ್ ಮುಟ್ಟಿ ನೋಡ್ಬಹುದಾ, ಇಲ್ಲ ನೀವೇ ಎಳೆದು ತೋರಿಸ್ತೀರಾ?" ಅಂತ ಕೇಳಿದ್ರು. ನಾನೇ ಎಳೆದು ತೋರಿಸಿದೆ. ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟುವ ಎಂಟರ ಆಕಾರದ ಗಂಟು ನಾನೇ ಹಾಕಿದೆ, ಹಗ್ಗದ ಬಾಲ ಒಂದು ಗೇಣು ಉಳಿದದ್ದನ್ನು ಅವರು ಕಣ್ಣಲ್ಲೇ ನೋಡಿ ಸರಿ ಅಂದ್ರು. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಅಂದ್ರೆ ಕ್ಯಾರಾಬಿನರ್, ಲಾಕ್ ಆಗಿದೆಯಾ ಅಂತ ಹಿಂಡಿ ನೋಡುದು, ಒಬ್ರದ್ದು ಇನ್ನೊಬ್ರು ನೋಡುದು, ಇಷ್ಟಕ್ಕೂ ಮೈ ಮುಟ್ಟುವ ಅಗತ್ಯವೇ ಇಲ್ಲ. ಹೋದ ಸಲ ಸೇಫ್ಟಿಗೆ ಅಂತ ಹೇಳಿದ್ದು ನೆನಪಾಗಿ ಒಮ್ಮೆಗೆ ಗಂಟಲು ಕಟ್ಟಿತು.

ತೂಕ ಕೇಳಿದ್ರು ಇಲ್ಲೂ, ಕೇಳ್ಲೇಬೇಕು, ಬಿಲೇ ಮಾಡುವವರು ತುಂಬ ಹಗುರ ಇದ್ರೆ ಹತ್ತುವವರು ಜಾರಿದಾಗ ಅವರೇ ಮೇಲೆ ಎಳೆದು ಹೋಗ್ತಾರೆ. ಆದ್ರೆ ಚೀಟಿಯಲ್ಲಿ ಬರೆದು ಕೊಡುದು. ನಾನು 71 ಕೆಜಿ, ನಂಗೆ ಬಿಲೇಗೆ ಸಿಕ್ಕಿದ ಹುಡುಗಿ ನೋಡ್ಲಿಕ್ಕೆ ಐವತ್ತೂ ಇಲ್ಲ, ಅವಳ ಹಾರ್ನೆಸ್ಸಿಂದ ಹಿಂದಿನ ಮರದ ಬುಡಕ್ಕೆ ಒಂದು ಪಟ್ಟಿ ಕಟ್ಟಿದ್ರು, ಅಷ್ಟೇ ವಿಷಯ. ದಪ್ಪ ಸಪೂರ ಅಂತ ಒಂದು ಮಾತಿಲ್ಲ.

ಬಳೆ, ಉಂಗುರ ತೆಗೀಬೇಕು, ಬಂಡೆಯ ಸಂದಿಯಲ್ಲಿ ಉಂಗುರ ಸಿಕ್ಕಿ ಬಿದ್ರೆ ಬೆರಳಿನ ಚರ್ಮವೇ ಕಿತ್ತು ಬರ್ತದೆ. ಒಬ್ರು ಅಮ್ಮ ಬಂದಿದ್ರು, ಐವತ್ತು ದಾಟಿದ್ದಾರೆ, ಕರಿಮಣಿ ತೆಗೀಲಿಕ್ಕೆ ಮನಸ್ಸಿಲ್ಲ. ಅದಕ್ಕೆ ಯಾರೂ ಭಾಷಣ ಮಾಡ್ಲಿಲ್ಲ, ಅಂಗಿ ಒಳಗೆ ಹಾಕಿ ಮೇಲಿಂದ ಪ್ಲಾಸ್ಟರ್ ಟೇಪ್ ಅಂಟಿಸಿಕೊಳ್ಳಿ ಅಂದ್ರು, ಅವರು ಹಾಗೇ ಮಾಡಿ ಅರ್ಧ ಬಂಡೆ ಹತ್ತಿ ಇಳಿದ್ರು. ತಲೆಗೆ ಶಾಲು ಹಾಕುವ ಇಬ್ರು ಹುಡುಗಿಯರಿಗೆ ಹೆಲ್ಮೆಟ್ ಒಳಗೆ ಕೂರುವ ತೆಳು ಟೊಪ್ಪಿ ತರ್ಲಿಕ್ಕೆ ಮೊದಲೇ ಹೇಳಿದ್ರಂತೆ, ನೇತಾಡುವ ಬಟ್ಟೆ, ಬಿಚ್ಚಿದ ಕೂದಲು ಹಗ್ಗ ತಡೆಯುವ ಬಿಲೇ ಡಿವೈಸಿಗೆ ಸಿಕ್ಕಬಾರ್ದಲ್ವಾ. ಎದೆ ಚಪ್ಪಟೆ ಕಾಣ್ಲಿಕ್ಕೆ ಬಿಗಿಯಾಗಿ ಬೈಂಡರ್ ಕಟ್ಟುವವರಿಗೂ ಮೆಸೇಜಲ್ಲೇ ಹೇಳಿದ್ದಾರೆ, ಹತ್ತುವಾಗ ಉಸಿರು ಕಟ್ತದೆ, ಸ್ಪೋರ್ಟ್ಸ್ ಬ್ರಾ ಹಾಕಿ ಬಂದ್ರೆ ಒಳ್ಳೇದು, ಬದಲಾಯಿಸ್ಲಿಕ್ಕೆ ಟೆಂಟ್ ಉಂಟು ಅಂತ. ಟಾಯ್ಲೆಟ್ ಜಾಗದವರ ಮನೆ ಹಿಂದಿನದ್ದು, ಒಂದೇ ಕೋಣೆ, ಒಳಗಿಂದ ಗಟ್ಟಿ ಚಿಲಕ, ಗಂಡಸ್ರು ಹೆಂಗಸ್ರು ಅಂತ ಬೋರ್ಡಿಲ್ಲ, ನೀರು ಬಕೆಟ್ ಎಲ್ಲ ಸರಿ ಇತ್ತು, ಮೂಲೆಯಲ್ಲಿ ಪ್ಯಾಡ್ ಇಟ್ಟ ಡಬ್ಬ ಮತ್ತೆ ಮುಚ್ಚಳ ಇರುವ ಕಸದ ಬುಟ್ಟಿ. ಬೆಳಿಗ್ಗಿಂದ ಸಂಜೆವರೆಗೆ ನೀರು ಕುಡಿಯದೆ ಹಿಡಿದು ಕೂರುವ ಕಷ್ಟ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು, ಇಲ್ಲಿ ನಾನು ಎರಡು ಬಾಟಲಿ ನೀರು ಖಾಲಿ ಮಾಡಿದೆ.

ಫೋಟೋ ಬೇಡ ಅನ್ನುವವರು ಹೆಲ್ಮೆಟಿಗೆ ಹಳದಿ ಬಟ್ಟೆ ತುಂಡು ಕಟ್ಟಿಕೊಳ್ಳುದು. ನಾನೂ ಕಟ್ಟಿಕೊಂಡೆ, ಒಂದು ತಿಂಗಳಾಯ್ತು, ಎಲ್ಲೂ ನನ್ನ ಫೋಟೋ ಕಾಣ್ಲಿಲ್ಲ.

ಈಗ ಬೊಬ್ಬೆ ವಿಷಯ. ಹತ್ತುವ ದಾರಿಯ ಗುಟ್ಟಿಗೆ ಕ್ಲೈಂಬರ್‌ಗಳು ಬೀಟಾ ಅಂತಾರೆ, ಇಲ್ಲಿ ಮೇಲಿದ್ದವರು ಬಾಯಿ ಬಿಟ್ಟು ಕೇಳದೆ ಬೀಟಾ ಕೊಡುವ ಹಾಗಿಲ್ಲ. ಆ ದಿನ ಹೊಸತಾಗಿ ಬಂದ ಒಬ್ಬ ಹುಡುಗ, ಕೆಟ್ಟವನಲ್ಲ, ಉಪಕಾರ ಅಂತಲೇ "ಅಕ್ಕಾ ಕೈ ಇನ್ನೂ ಮೇಲೆ ಹಾಕಿ" ಅಂತ ಶುರು ಮಾಡಿದ. ಕಲಿಸುವ ಅಕ್ಕ ಅವನನ್ನು ಬದಿಗೆ ಕರೆದು ಮೆಲ್ಲ ಹೇಳಿದ್ರು, ನೀನು ಆರಡಿ ಇದ್ದಿ, ನಿನ್ನ ಕೈಗೆ ಸಿಗುದು ಅವರಿಗೆ ಸಿಗುದಿಲ್ಲ, ಅವರ ದಾರಿಯೇ ಬೇರೆ ಅಂತ. ಊಟದ ಹೊತ್ತಿಗೆ ಲಿನ್ ಹಿಲ್ ಬಗ್ಗೆ ಹೇಳಿದ್ರು. ಅಮೇರಿಕಾದ ಯೊಸೆಮಿಟಿಯಲ್ಲಿ ಎಲ್ ಕ್ಯಾಪಿಟನ್ ಅಂತ ದೊಡ್ಡ ಬಂಡೆ, ಅದ್ರಲ್ಲಿ ದಿ ನೋಸ್ ಅನ್ನುವ ದಾರಿಯನ್ನು ಹಗ್ಗ ಹಿಡಿದು ಎಳೆದುಕೊಳ್ಳದೆ ಬರೀ ಕೈಕಾಲಿನ ಬಲದಲ್ಲಿ ಮೊತ್ತಮೊದಲು ಪೂರ್ತಿ ಹತ್ತಿದ್ದು ಈ ಹೆಂಗಸು, 1993ರಲ್ಲಿ, ಮರುವರ್ಷ ಒಂದೇ ದಿನದೊಳಗೆ ಹತ್ತಿದ್ರು. ಐದಡಿ ಎರಡಿಂಚಿನ ಆಸುಪಾಸಿನವರು, ಹೆಂಗಸ್ರಲ್ಲಿ ಮೊದಲು ಅಲ್ಲ, ಎಲ್ಲರಿಗಿಂತ ಮೊದಲು. ಆ ಹುಡುಗ ಆಮೇಲೆ ಸುಮ್ಮನೆ ಕೂತು ನೋಡಿದ, ಕೇಳಿದ್ರೆ ಮಾತ್ರ ಹೇಳಿದ, ಕೊನೆಗೆ ನನ್ನ ಹಗ್ಗ ಸುತ್ತಿ ಕೊಟ್ಟದ್ದೂ ಅವನೇ. ಎಲ್ಲರೆದುರು ನಾಚಿಕೆ ಮಾಡಿಸಿ ಓಡಿಸಿದ್ರೆ ಅವನು ಕಲೀತಿರ್ಲಿಲ್ಲ.

ನಾನು ಹತ್ತಿದ್ದು ಸುಮಾರು ನಲ್ವತ್ತಡಿ. ಮೊದಲ ಎರಡು ಸಲ ಅರ್ಧದಲ್ಲಿ ಕಾಲು ನಡುಗಿ ಟೇಕ್ ಅಂದೆ. ಆ ಜಾಗದಲ್ಲಿ ಬಂಡೆ ಸ್ವಲ್ಪ ಉಬ್ಬಿ ಬಂದಿದೆ, ಕೈಗೆ ಹಿಡಿತ ಇಲ್ಲ, ಬಲಗಾಲಿಗೆ ಒಂದು ಗೋಟಡಿಕೆಯಷ್ಟು ಸಣ್ಣ ಉಬ್ಬು ಮಾತ್ರ. ಕೆಳಗೆ ಒಂದು ಸದ್ದಿಲ್ಲ, ನನ್ನ ಉಸಿರು ನಂಗೇ ಕೇಳ್ತಿತ್ತು. ಮೂರನೇ ಸಲ ಹೆಬ್ಬೆರಳ ತುದಿ ಅದರ ಮೇಲೆ ಇಟ್ಟು, ಕೈಯನ್ನು ಎಳೆಯದೆ ಬಂಡೆಗೆ ಒತ್ತಿ ಎದ್ದು ನಿಂತೆ, ನಿಂತೇಬಿಟ್ಟೆ. ಅದನ್ನು ನಾನೇ ಕಂಡುಹಿಡಿದದ್ದು. ಮೇಲೆ ಹೋದ್ರೆ ದೂರದಲ್ಲಿ ಗಡಾಯಿಕಲ್ಲು ಮಂಜಿನಲ್ಲಿ ಕಾಣ್ತದೆ, ಟಿಪ್ಪು ಕೋಟೆಯ ಮೆಟ್ಟಿಲು ಹತ್ತಿ ಅಲ್ಲಿಗೆ ಕಾಲೇಜಲ್ಲಿದ್ದಾಗ ಹೋಗಿದ್ದೆ, ಅವತ್ತೂ ಇಷ್ಟು ಖುಷಿ ಆಗಿರ್ಲಿಲ್ಲ.

ಸರಿ ಇಲ್ಲದ್ದೂ ಹೇಳ್ಬೇಕು. ಶೂ ಸಾಲುದಿಲ್ಲ, ನಾಲ್ಕರ ಸೈಜ್ ಎರಡೇ ಜೊತೆ, ನಾವು ಐದು ಜನ ಕಾದು ಕೂತೆವು, ಹೆಂಗಸ್ರನ್ನು ಕರೆಯುದಾದ್ರೆ ಮೊದಲು ಸಣ್ಣ ಸೈಜ್ ತರ್ಬೇಕಿತ್ತು. ಸಹಿ ಹಾಕುವ ಫಾರ್ಮಲ್ಲಿ ಇನ್ನೂ ಶ್ರೀ, ಶ್ರೀಮತಿ, ಕುಮಾರಿ ಅಂತಲೇ ಇದೆ, ಅಷ್ಟೆಲ್ಲ ಜಾಗ್ರತೆ ಮಾಡಿ ಇದೊಂದು ಹೇಗೆ ಬಿಟ್ಟುಹೋಯ್ತೋ, ಹೇಳಿದ್ದೇನೆ, ಬದಲಿಸ್ತೇವೆ ಅಂದಿದ್ದಾರೆ. ಮೇಲೆ ಹಗ್ಗಕ್ಕೆ ಆಧಾರವಾಗುವ ಆ್ಯಂಕರ್ ಕಟ್ಟುವ ಕೆಲಸ ಮೂರು ಜನ ಗಂಡಸ್ರೇ ಮಾಡಿದ್ರು, ಅದನ್ನು ನಮಗೂ ಕಲಿಸ್ಬೇಕು, ಇಲ್ಲಾಂದ್ರೆ ಯಾವತ್ತೂ ಅವರು ಕಟ್ಟಿದ ಹಗ್ಗದಲ್ಲೇ ನಾವು ಹತ್ತುದು. ಮತ್ತೆ ಎಂಟಕ್ಕೆ ಶುರು ಅಂತ ಹೇಳಿ ಒಂಬತ್ತೂವರೆ ಮಾಡಿದ್ರು, ಹತ್ತೂವರೆಗೆಲ್ಲ ಬಂಡೆ ಕಾದು, ಸೆಕೆಗೆ ಕೈ ಬೆವರಿ ಎಷ್ಟು ಚಾಕ್ ಪುಡಿ ಹಾಕಿದ್ರೂ ಜಾರ್ತದೆ. ಮಧ್ಯಾಹ್ನ ಎರಡು ಗಂಟೆ ನೆರಳಲ್ಲಿ ಸುಮ್ಮನೆ ಕೂತದ್ದೇ ಆಯ್ತು.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೇನೆ, ಒಂದು ಕಡಿಮೆ ಮಾಡಿದ್ದು ಶೂ ಮತ್ತೆ ಟೈಮಿಗೆ. ಮಳೆ ಶುರುವಾದ್ರೆ ಬಂಡೆ ಪಾಚಿ ಕಟ್ತದೆ, ಮತ್ತೆ ನವೆಂಬರ್‌ವರೆಗೆ ಇಲ್ಲ, ಹಾಗಾಗಿ ಈಗ ಮಾರ್ಚ್ ಒಳಗೆ ಹೋದ್ರೆ ಒಳ್ಳೇದು. ಮುಂದಿನ ಭಾನುವಾರಕ್ಕೆ ನಾನು ಹೆಸರು ಕೊಟ್ಟಾಗಿದೆ, ನಮ್ಮ ಆಫೀಸಿನ ಇಬ್ರೂ ಬರ್ತಾರೆ. ಬರುವವರು ಮೆಸೇಜ್ ಹಾಕುವಾಗಲೇ ಶೂ ಸೈಜ್ ಹೇಳಿ, ಉಗುರು ಕತ್ತರಿಸಿ ಬನ್ನಿ, ಹಾರ್ನೆಸ್ ಮೇಲೆ ಕೂರುವ ಉದ್ದ ಕುರ್ತಾ ಬೇಡ, ಟೀಶರ್ಟು ಪ್ಯಾಂಟು ಸಾಕು.